ಏರಿ ಕಾಯಲು ಒಂದು ದುರ್ಬೀನು

ಕೋಲ್ಡ್ ಫೋರ್ಕ್, ಮೊಂಟಾನಾ
ಮಾರ್ಚ್ 4, 1986

ಪ್ರಿಚರ್ಡ್ ಬಂದೂಕಿನ ಅಂಗಡಿಯ ಮಾಲೀಕರಿಗೆ,

ನಮ್ಮ ಮನೆಯ ರೈಫಲ್ಲಿನ ಹಿಡಿಯ ಮೇಲೆ ನಿಮ್ಮ ಅಂಗಡಿಯ ಹೆಸರಿರುವ ಹಿತ್ತಾಳೆ ತಗಡಿದೆ. 1962 ಎಂದು ಕೊರೆದಿದ್ದೀರಿ. ರೈಫಲ್ ಚೆನ್ನಾಗಿದೆ. ಅದರ ಮೇಲಿದ್ದ ದುರ್ಬೀನಿನೊಳಗೆ ತೇವ ಹೊಕ್ಕು ಗಾಜೆಲ್ಲ ಹಾಲಿನಂತಾಗಿದೆ. ಹೊಸದು ಬೇಕು.

ಕೆಲಸ ಇದು. ನಾವು ಒಂಬತ್ತು ಮನೆಯವರು ಸೇರಿ ಒಂದು ಕಾಲುವೆ ಇಟ್ಟುಕೊಂಡಿದ್ದೇವೆ. ಮೇವಿನ ಹೊಲಗಳಿಗೆಲ್ಲ ಅದೇ ನೀರು. ಅದರ ಮಣ್ಣಿನ ಏರಿಯನ್ನು ಗೋಫರ್‌ಗಳು, ಅಂದರೆ ಇಲ್ಲಿಯ ನೆಲ ಅಳಿಲುಗಳು, ಅರ್ಧ ಮೈಲಿ ಉದ್ದಕ್ಕೂ ತೂತು ಮಾಡಿವೆ. ಹಾಗೇ ನೀರು ಬಿಟ್ಟರೆ ಏರಿ ಒಡೆಯುತ್ತದೆ. ಏರಿಯ ಮೇಲೆ ವಿಷದ ಓಟ್ಸ್ ಚೆಲ್ಲಬೇಕೆಂದು ಸಂಘ ತೀರ್ಮಾನಿಸಿತು. ನಾನು ಎದ್ದು ನಿಂತು, ವಿಷ ಬೇಡ, ಗುಂಡಿನಿಂದ ಖಾಲಿ ಮಾಡಿಕೊಡುತ್ತೇನೆ ಅಂದೆ. ಎಲ್ಲರೂ ನಕ್ಕರು. ಆಮೇಲೆ ಮೇ 10ರ ಮಧ್ಯಾಹ್ನ ಹನ್ನೆರಡರವರೆಗೆ ಸಮಯ ಕೊಟ್ಟರು. ಎರಡು ದಿನ ಮೊದಲು ಬಿಲಗಳನ್ನೆಲ್ಲ ಮಣ್ಣು ಹಾಕಿ ಮುಚ್ಚುವುದು, ಆ ದಿನ ಎಷ್ಟು ಮತ್ತೆ ತೆರೆದಿವೆ ಎಂದು ಎಣಿಸುವುದು. ಹತ್ತರವರೆಗೆ ನನ್ನ ಗೆಲುವು. ಹತ್ತು ದಾಟಿದರೆ ವಿಷ.

ಪತ್ರಿಕೆಯೊಂದರ ಜಾಹೀರಾತಿನಲ್ಲಿ ಇಪ್ಪತ್ನಾಲ್ಕು ಪಟ್ಟು ಹತ್ತಿರ ತೋರಿಸುವ ದುರ್ಬೀನು ನೋಡಿದೆ. ದೊಡ್ಡದಾಗಿ ಕಂಡಷ್ಟೂ ಒಳ್ಳೆಯದಲ್ಲವೇ? ನಿಮ್ಮಲ್ಲಿದ್ದರೆ ಬೆಲೆ ತಿಳಿಸಿ.

ಟಿ. ಲಿಂಡ್‌ಸೆತ್


ಮಿಲ್ ಹಾಲೋ, ಪೆನ್ಸಿಲ್ವೇನಿಯಾ
ಮಾರ್ಚ್ 12, 1986

ಶ್ರೀಮಾನ್ ಲಿಂಡ್‌ಸೆತ್ ಅವರಿಗೆ,

ಉತ್ತರ ತಡವಾಯಿತು. ಅಂಗಡಿಯಲ್ಲಿ ವಿಪರೀತ ಜನ, ಪುರುಸೊತ್ತಿಲ್ಲ.

ಆ ರೈಫಲ್ ನನಗೆ ನೆನಪಿದೆ. ಇಲ್ಲಿ ಹೆದ್ದಾರಿ ಕೆಲಸಕ್ಕೆ ಬಂದಿದ್ದ ಒಬ್ಬ ಎತ್ತರದ ಯುವಕ ಮೂರು ಶನಿವಾರ ಬಂದು ಬರೀ ನೋಡಿಕೊಂಡು ಹೋಗಿ, ನಾಲ್ಕನೆಯ ಶನಿವಾರ ಕೊಂಡುಕೊಂಡ. ನೀವೇ ಇರಬೇಕು. ಈಗ ಕೂದಲು ನರೆತಿರಬಹುದು!

ಇಪ್ಪತ್ನಾಲ್ಕು ಪಟ್ಟಿನದು ನನ್ನಲ್ಲಿದೆ, ಆದರೆ ನಿಮಗೆ ಮಾರುವುದಿಲ್ಲ. ಅದು ಸಿಮೆಂಟಿನ ಮೇಜಿನ ಮೇಲೆ ಕುಳಿತು ಕಾಗದಕ್ಕೆ ತೂತು ಮಾಡುವವರ ಸಾಮಾನು. ಅದರಲ್ಲಿ ಕಾಣುವ ಜಾಗ ಒಂದು ತಟ್ಟೆಯಷ್ಟು. ಗೋಫರ್ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಅದು ಬಿಲ ಸೇರಿ ಮಕ್ಕಳಿಗೆ ನಿಮ್ಮ ಕಥೆ ಹೇಳುತ್ತಿರುತ್ತದೆ. ಅದು ಗುರಿಯನ್ನು ದೊಡ್ಡದು ಮಾಡುವಂತೆ ನಿಮ್ಮ ಎದೆಬಡಿತವನ್ನೂ ದೊಡ್ಡದು ಮಾಡುತ್ತದೆ. ಬಿಸಿಲೇರಿದ ಮೇಲೆ ನೆಲದಿಂದೇಳುವ ಝಳವನ್ನು ಇನ್ನೂ ದೊಡ್ಡದು ಮಾಡುತ್ತದೆ.

ನಿಮಗೆ ಬೇಕಾದ್ದು ಆರರಿಂದ ಹದಿನೆಂಟು ಪಟ್ಟಿನವರೆಗೆ ತಿರುಗುವಂಥದ್ದು. ಆರರಲ್ಲಿ ಹುಡುಕಿ, ಹದಿನೆಂಟರಲ್ಲಿ ಹೊಡೆಯಿರಿ, ಝಳ ಎದ್ದರೆ ಇಳಿಸಿಕೊಳ್ಳಿ. ಮುಂದಿನ ಗಾಜಿಗೆ ದೂರಕ್ಕೆ ತಕ್ಕಂತೆ ಹೊಂದಿಸುವ ಬಳೆ ಇರಲೇಬೇಕು. ಇಲ್ಲದಿದ್ದರೆ ತಲೆ ಕೂದಲೆಳೆಯಷ್ಟು ಅಲುಗಿದರೂ ಒಳಗಿನ ಅಡ್ಡಗೆರೆ ಗುರಿಯ ಮೇಲಿಂದ ಜಾರುತ್ತದೆ. ಆ ಗೆರೆ ತೀರಾ ತೆಳ್ಳಗೂ ಇರಬಾರದು, ಬೆಳಗಿನ ಮಸುಕಿನಲ್ಲಿ ಕಂದು ಮೈಯ ಮೇಲೆ ಕಾಣದು.

ಇನ್ನೊಂದು ಮಾತು, ಗಂಡಸರ ನಡುವೆ ಇರಲಿ. ಹೊಸ ದುರ್ಬೀನಿನ ಬೆಲೆಯನ್ನು ಯಜಮಾನತಿಗೆ ಅರ್ಧ ಮಾತ್ರ ಹೇಳಿ. ಮೂವತ್ತೈದು ವರ್ಷದ ವ್ಯಾಪಾರದಲ್ಲಿ ನಾನು ಗಿರಾಕಿಗಳಿಗೆ ಕೊಟ್ಟ ಅತ್ಯಂತ ಉಪಯುಕ್ತ ಸಲಹೆ ಅದೇ.

ಎಮ್ಲಿನ್ ಪ್ರಿಚರ್ಡ್


ಕೋಲ್ಡ್ ಫೋರ್ಕ್
ಮಾರ್ಚ್ 19, 1986

ಪ್ರಿಚರ್ಡ್ ಅವರೇ,

ನೀವು ಹೇಳಿದಂತೆ ಯಜಮಾನತಿಯಿಂದ ಬೆಲೆ ಮುಚ್ಚಿಡಲು ನೋಡಿದೆ. ಆಗಲಿಲ್ಲ. ಅವಳು ನಾನೇ.

ನಾಲ್ಕು ಶನಿವಾರ ಬಂದವರು ನನ್ನ ಗಂಡ ನಾರ್ಮನ್. ತೀರಿಕೊಂಡು ನಾಲ್ಕು ವರ್ಷವಾಯಿತು. ಟಿ ಅಂದರೆ ಥೋರಾ. ವಯಸ್ಸು ಐವತ್ತೊಂಬತ್ತು. ಕೂದಲು ನರೆತಿರುವುದು ನಿಜ, ಅಷ್ಟು ಮಾತ್ರ ಸರಿಯಾಗಿ ಊಹಿಸಿದ್ದೀರಿ. ಮದುವೆಯಾದ ಹೊಸದರಲ್ಲಿ ನಾರ್ಮನ್ ನನಗೆ ಗುರಿ ಕಲಿಸಿದರು. ಎರಡು ವರ್ಷದ ನಂತರ ನನ್ನ ಜೊತೆ ಪಂದ್ಯ ಕಟ್ಟುವುದನ್ನು ಬಿಟ್ಟರು.

ವಿಷ ಏಕೆ ಬೇಡ ಅನ್ನುತ್ತಿದ್ದೇನೆಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹೋದ ವರ್ಷ ಮೇಲಿನ ಹುಲ್ಲುಗಾವಲಿಗೆ ಅದೇ ಓಟ್ಸ್ ಚೆಲ್ಲಿದ್ದರು. ನನ್ನ ನಾಯಿ ಟುಲ್ಲಾ ಸತ್ತ ಗೋಫರ್ ಒಂದನ್ನು ತಿಂದು ಬಂತು. ಅಡಿಗೆಮನೆಯ ನೆಲದ ಮೇಲೆ ಬಿಲ್ಲಿನಂತೆ ಬಾಗಿ ಒದ್ದಾಡಿ ಸತ್ತಿತು. ಒಂದು ಗಂಟೆ ಹಿಡಿಯಿತು. ಏರಿಯ ಮೇಲೆ ಏಪ್ರಿಲ್‌ನಲ್ಲಿ ಬಿಲಗೂಬೆಗಳು ಬರುತ್ತವೆ, ಗೋಫರ್ ಬಿಟ್ಟುಹೋದ ತೂತಿನಲ್ಲಿ ಮೊಟ್ಟೆ ಇಡುತ್ತವೆ. ಕಾಗೆಯ ಅರ್ಧದಷ್ಟಿಲ್ಲ, ಕಾಲು ಮಾತ್ರ ಉದ್ದ. ಅವೂ ಅದನ್ನೇ ತಿನ್ನುತ್ತವೆ.

ದುರ್ಬೀನಿನ ಚಿಂತೆ ಬೇಡ. ನಮ್ಮ ಪಕ್ಕದ ಜಮೀನಿನ ಲೀಲಂಡ್ ಬ್ರೂವೊಲ್ಡ್ ಹತ್ತಿರ ಇಪ್ಪತ್ನಾಲ್ಕು ಪಟ್ಟಿನದು ಇದೆ. ಈ ಋತು ಮುಗಿಯುವವರೆಗೆ ಇಟ್ಟುಕೊಳ್ಳಲು ಕೊಟ್ಟಿದ್ದಾನೆ. ನಿಮ್ಮ ಸಲಹೆಗೆ ವಂದನೆ, ಆದರೆ ನನಗೆ ದೊಡ್ಡದಾಗಿ ಕಾಣುವುದೇ ಬೇಕು.

ಥೋರಾ ಲಿಂಡ್‌ಸೆತ್


ಮಿಲ್ ಹಾಲೋ
ಮಾರ್ಚ್ 27, 1986

ಶ್ರೀಮತಿ ಲಿಂಡ್‌ಸೆತ್ ಅವರೇ,

ನಿಮ್ಮ ಕಾಗದ ಓದಿ ಒಬ್ಬನೇ ಕುಳಿತು ನಾಚಿಕೆಪಟ್ಟೆ, ಆಮೇಲೆ ಒಬ್ಬನೇ ನಕ್ಕೆ. ಕ್ಷಮಿಸಿ. ನಾರ್ಮನ್ ಅವರ ಸುದ್ದಿ ತಿಳಿದು ಬೇಸರವಾಯಿತು. ನಾಯಿಯದೂ.

ಇಪ್ಪತ್ನಾಲ್ಕರ ಬಗ್ಗೆ ನಾನು ವಾದ ಮಾಡುವುದಿಲ್ಲ. ನೀವು ನನ್ನ ಮಾತು ಕೇಳುವ ಪೈಕಿ ಅಲ್ಲ ಎಂದು ಗೊತ್ತಾಯಿತು. ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ ಮಾತ್ರ ಹೊಡೆಯಿರಿ. ಆಗ ಗಾಳಿ ನಿಂತಿರುತ್ತದೆ. ಕಣ್ಣನ್ನು ಗಾಜಿಗೆ ಒತ್ತಬೇಡಿ, ಮೂರು ಅಂಗುಲ ಹಿಂದಿರಲಿ.

ಮತ್ತೆ ಅಂಗಡಿ ಗದ್ದಲ. ಇಷ್ಟಕ್ಕೇ ನಿಲ್ಲಿಸುತ್ತೇನೆ.

ಎಮ್ಲಿನ್ ಪ್ರಿಚರ್ಡ್


ಕೋಲ್ಡ್ ಫೋರ್ಕ್
ಏಪ್ರಿಲ್ 5, 1986

ಪ್ರಿಚರ್ಡ್ ಅವರೇ,

ನಿಮ್ಮ ಅಂಗಡಿಯ ರೈಫಲ್ ಕೆಟ್ಟಿದೆ. ನಳಿಗೆ ಸವೆದಿರಬೇಕು. ನಾಲ್ಕು ದಿನದಲ್ಲಿ ಅರವತ್ತು ಗುಂಡು ಹಾರಿಸಿ ಐದು ಗೋಫರ್ ಹೊಡೆದೆ. ಲೀಲಂಡ್ ತನ್ನ ದುರ್ಬೀನು ಹೇಗಿದೆ ನೋಡಲು ಬಂದವನು ಹಿಂದೆ ನಿಂತು ನೋಡಿದ. ನಿನ್ನೆ ಪೇಟೆಯ ಕಾಫಿ ಅಂಗಡಿಯಲ್ಲಿ ಸಂಘದ ಅಧ್ಯಕ್ಷ ಆರ್ವಿಲ್ ಟ್ಯಾಂಗೆನ್ ಎಲ್ಲರ ಮುಂದೆ ಕೇಳಿದ:

"ಏನಮ್ಮಾ ಥೋರಾ, ಗೋಫರ್‌ಗೆ ಗುಂಡು ಹೊಡೀತಿದ್ಯೋ, ಇಲ್ಲ ನಿದ್ದೆಯಿಂದ ಎಬ್ಬಿಸ್ತಾ ಇದ್ಯೋ?"

"ನಿನ್ನ ನಗು ಮೇ ತಿಂಗಳಿಗೆ ಇಟ್ಕೋ ಆರ್ವಿಲ್. ಆಗ ಬೇಕಾಗುತ್ತೆ," ಅಂದೆ.

"ವಿಷದ ಚೀಲ ಆಗ್ಲೇ ತಂದಿಟ್ಟಿದೀನಿ. ಸುಮ್ನೆ ಗುಂಡು ಹಾಳು ಮಾಡ್ಬೇಡ."

ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ತಟ್ಟೆಯಲ್ಲಿದ್ದ ಸೇಬಿನ ಕಡುಬನ್ನು ಪೂರ್ತಿ ತಿಂದೇ ಎದ್ದೆ.

ದುರ್ಬೀನಿನೊಳಗೆ ಗುರಿಯ ನಟ್ಟನಡುವೆ ಮಂಜು ಕವಿದಂತಿರುತ್ತದೆ. ಅಂಚಿನಲ್ಲಿ ಹುಲ್ಲು ಒಂದೊಂದು ಎಸಳೂ ಕಾಣುತ್ತದೆ, ಗೋಫರ್ ಮಾತ್ರ ಕಾಣದು. ನಳಿಗೆ ಹೊಸದು ಹಾಕಿಸಲು ಎಷ್ಟು ದಿನ ಬೇಕು?

ಥೋರಾ ಲಿಂಡ್‌ಸೆತ್


ಮಿಲ್ ಹಾಲೋ
ಏಪ್ರಿಲ್ 11, 1986

ಶ್ರೀಮತಿ ಲಿಂಡ್‌ಸೆತ್ ಅವರೇ,

ಕಾಗದ ಬಂದ ಗಳಿಗೆಯಲ್ಲೇ ಬರೆಯುತ್ತಿದ್ದೇನೆ. ನಳಿಗೆ ಸವೆದರೆ ಗುಂಡು ಚದುರುತ್ತದೆ, ಮಂಜು ಕವಿಯುವುದಿಲ್ಲ. ಮೊದಲು ಮುಂದಿನ ಬಳೆಯನ್ನು ತಿರುಗಿಸಿ ನೋಡಿ, ಲೀಲಂಡ್ ಬೇರೆ ದೂರಕ್ಕೆ ಇಟ್ಟಿದ್ದಿರಬೇಕು. ಅದು ಸರಿಯಿದ್ದರೆ ಬಿಸಿಲ ಝಳ. ನಾನು ಮೊದಲೇ ಹೇಳಿದ್ದೆ, ನೀವು ಕೇಳಲಿಲ್ಲ.

ಇಷ್ಟು ಬರೆದು ಲಕೋಟೆಗೆ ಹಾಕಿ ಅಂಟಿಸಿದ್ದೆ. ಮತ್ತೆ ಹರಿದು ತೆಗೆದೆ. ಒಂದು ಮಾತು ಕೊರೆಯುತ್ತಿದೆ. ನಡುವೆ ಮಂಜು, ಅಂಚಿನಲ್ಲಿ ಸ್ಪಷ್ಟ ಎಂದಿರಿ. ಗಾಜಿನ ದೋಷ ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗು. ನಡುವೆ ಚೊಕ್ಕಟ, ಅಂಚು ಮಸುಕು. ಝಳವೂ ನಟ್ಟನಡುವೆ ಮಾತ್ರ ಏಳುವುದಿಲ್ಲ.

ಕೇಳುವುದು ನನ್ನ ಅಧಿಕಾರವಲ್ಲ. ಆದರೂ ಕೇಳುತ್ತೇನೆ. ದುರ್ಬೀನು ಬದಿಗಿಡಿ. ಎಡಗಣ್ಣು ಮುಚ್ಚಿ ಗೋಡೆಯ ಗಡಿಯಾರವನ್ನು ಬಲಗಣ್ಣಿನಲ್ಲಿ ನೋಡಿ. ಮುಳ್ಳು ಕಾಣುತ್ತದೆಯೇ?

ಎಮ್ಲಿನ್ ಪ್ರಿಚರ್ಡ್


ಕೋಲ್ಡ್ ಫೋರ್ಕ್
ಏಪ್ರಿಲ್ 16, 1986

ಪ್ರಿಚರ್ಡ್ ಅವರೇ,

ಕಾಣುವುದಿಲ್ಲ.

1979ರಲ್ಲಿ ಬೇಲಿ ಬಿಗಿಯುವಾಗ ಮುಳ್ಳುತಂತಿ ತುಂಡಾಗಿ ಮುಖಕ್ಕೆ ಹೊಡೆಯಿತು. ಬಲಗಣ್ಣಿನ ನಡುವೆ ಅಂದಿನಿಂದ ಒಂದು ಬಿಳಿ ಕಲೆ ಇದೆ. ಹತ್ತಿರ ಬಂದು ನೋಡಿದರೆ ಮಾತ್ರ ತಿಳಿಯುತ್ತದೆ, ಯಾರೂ ಅಷ್ಟು ಹತ್ತಿರ ಬರುವುದಿಲ್ಲ. ನಾರ್ಮನ್‌ಗೆ ಗೊತ್ತಿತ್ತು. ಬೇರೆ ಯಾರಿಗೂ ಹೇಳಲಿಲ್ಲ. ಇಲ್ಲಿ ಒಂಟಿ ಹೆಂಗಸು ಜಮೀನು ನಡೆಸುವುದೇ ಊರಿಗೆ ಮಾತು. ಅದರ ಮೇಲೆ ಒಕ್ಕಣ್ಣು ಅಂದರೆ ನಾಳೆಯೇ ಸಹಾಯಕ್ಕೆ ಅಂತ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

ದೊಡ್ಡದಾಗಿ ಕಂಡರೆ ಕಲೆಯ ಸುತ್ತಲಿಂದಾದರೂ ಗೋಫರ್ ಕಾಣಬಹುದು ಅಂದುಕೊಂಡಿದ್ದೆ. ಅದಕ್ಕೇ ಇಪ್ಪತ್ನಾಲ್ಕು, ಇಪ್ಪತ್ನಾಲ್ಕು ಅನ್ನುತ್ತಿದ್ದೆ. ನೀವು ನನ್ನನ್ನು ಹಟಮಾರಿ ಅಂದುಕೊಂಡಿರಿ. ಹಟವೂ ಇತ್ತು, ಅದನ್ನು ಇಲ್ಲವೆನ್ನುವುದಿಲ್ಲ.

ಭಾನುವಾರ ಆರ್ವಿಲ್ ಮನೆಗೆ ಹೋಗಿ, ಓಟ್ಸ್ ಚೆಲ್ಲಿ ಅನ್ನುತ್ತೇನೆ. ನಿಮಗೆ ತೊಂದರೆ ಕೊಟ್ಟೆ.

ಥೋರಾ


ಮಿಲ್ ಹಾಲೋ
ಏಪ್ರಿಲ್ 21, 1986

ಥೋರಾ ಅವರೇ,

ಆರ್ವಿಲ್ ಮನೆಗೆ ಹೋಗಬೇಡಿ. ಈಗಾಗಲೇ ಹೋಗಿದ್ದರೆ ಇನ್ನೊಮ್ಮೆ ಹೋಗಿ ಹೇಳಿದ ಮಾತು ವಾಪಸ್ ತೆಗೆದುಕೊಳ್ಳಿ. ಈ ಕಾಗದದ ಜೊತೆ ಒಂದು ಪೊಟ್ಟಣ ಇದೆ. ಅದನ್ನು ಬಿಚ್ಚುವ ಮೊದಲು ಇದನ್ನು ಓದಿ.

ನೀವು ನಿಜ ಹೇಳಿದಿರಿ. ನಾನೂ ಹೇಳಬೇಕು. ನನ್ನ ಅಂಗಡಿಯಲ್ಲಿ ಗದ್ದಲವೂ ಇಲ್ಲ, ಗಿರಾಕಿಯೂ ಇಲ್ಲ. ಡಿಸೆಂಬರ್‌ನಲ್ಲಿ ನನ್ನ ಹೆಂಡತಿ ಗ್ವೆನ್ ತೀರಿಹೋದಳು. ಅಂದಿನಿಂದ ಕದ ತೆಗೆದಿಲ್ಲ. ನಿಮ್ಮ ಮೊದಲ ಕಾಗದ ಬಾಗಿಲ ಸೀಳಿನಿಂದ ಒಳಗೆ ಬಿದ್ದು, ಒಂದು ರಾಶಿ ಬಿಲ್‌ಗಳ ಮೇಲೆ ಕುಳಿತಿತ್ತು. ತಡವಾಗಿ ಉತ್ತರಿಸಿದ್ದು ಕೆಲಸದಿಂದಲ್ಲ. ಹಾಸಿಗೆಯಿಂದ ಏಳಲು ಕಾರಣ ಸಿಗುತ್ತಿರಲಿಲ್ಲ.

ನಿಮ್ಮ 'ಕಾಣುವುದಿಲ್ಲ' ಓದಿದ ದಿನ ಬೀಗ ತೆಗೆದೆ. ಕಪಾಟಿನಲ್ಲಿ ಆರರಿಂದ ಹದಿನೆಂಟರವು ಮೂರು ಇದ್ದವು. ಮೂರನ್ನೂ ಹಿತ್ತಲ ಜಗಲಿಗೆ ತಂದು, ಮರಳಿನ ಚೀಲದ ಮೇಲಿಟ್ಟು, ಕಣಿವೆಯ ಆಚೆ ಬದಿಯ ಚರ್ಚಿನ ಫಲಕವನ್ನು ನೋಡಿದೆ. ಬಲಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಎಡಗಣ್ಣಿನಲ್ಲೇ ನೋಡಿದೆ. ನಡು ಮಧ್ಯಾಹ್ನದಲ್ಲಿ ಮೂರೂ ಒಂದೇ. ಅಂಗಡಿಗಳಲ್ಲಿ ಎಲ್ಲರೂ ಹೊಳೆಯುವ ದೀಪದ ಕೆಳಗೆ ನೋಡಿ ಮೋಸ ಹೋಗುವುದು ಅದಕ್ಕೇ. ಹೊತ್ತು ಮುಳುಗುವಾಗ ವ್ಯತ್ಯಾಸ ತಿಳಿಯಿತು. ಅತ್ಯಂತ ದುಬಾರಿಯದರಲ್ಲಿ ಗೆರೆ ಜೇಡನ ನೂಲಿನಂತೆ ತೆಳ್ಳಗಿದ್ದು ಮೊದಲು ಮಾಯವಾಯಿತು. ಎರಡನೆಯದು ಬೆಳಕು ಚೆನ್ನಾಗಿ ಹಿಡಿಯಿತು, ಆದರೆ ಕಣ್ಣು ಕಾಲು ಅಂಗುಲ ಆಚೀಚೆ ಹೋದರೆ ಗಾಜಿನ ಮೇಲೆ ಚಂದ್ರಾಕಾರದ ಕಪ್ಪು ನೆರಳು ಕವಿಯುತ್ತಿತ್ತು. ಹೊಸ ಭುಜದಲ್ಲಿ ಹಿಡಿಯುವವರಿಗೆ ಅದು ಆಗದು. ಮೂರನೆಯದು ನೋಡಲು ಸಾಮಾನ್ಯ. ಫಲಕದ ಮೇಲೆ ಭಾನುವಾರದ ಪ್ರಾರ್ಥನೆಯ ಸಮಯ ಬರೆದಿದ್ದರು. ಮರಗಳು ಕಪ್ಪಾದ ಮೇಲೂ ಅದರಲ್ಲಿ ಓದಲು ಬರುತ್ತಿತ್ತು. ತಲೆ ಎಲ್ಲಿಟ್ಟರೂ ಅದು ಕ್ಷಮಿಸುತ್ತದೆ. ಅದನ್ನೇ ಕಳಿಸಿದ್ದೇನೆ.

ಹೊಸ ಭುಜ ಎಂದೆ. ಹೌದು, ಎಡಭುಜ. ನೀವು ಓಡಾಡುತ್ತಾ ಹೊಡೆಯುತ್ತಿಲ್ಲ, ಮಲಗಿ ಹೊಡೆಯುತ್ತಿದ್ದೀರಿ. ರೈಫಲ್ ಮರಳು ಚೀಲದ ಮೇಲಿರುತ್ತದೆ. ಎಡಬೆರಳು ಬಂದೂಕಿನ ಕುದುರೆಯ ಮೇಲೆ, ಬಲಗೈ ಪೂರಾ ಬಿಡುವು. ಗುಂಡು ತುಂಬುವ ಹಿಡಿಕೆ ಬಲಗಡೆಯೇ ಇದೆ. ಎಡಬೆರಳನ್ನು ಕದಲಿಸದೆ ಬಲಗೈಯಿಂದ ತುಂಬಬಹುದು. ಬಲಭುಜದವರಿಗಿಂತ ನೀವೇ ಬೇಗ ಎರಡನೆಯ ಗುಂಡಿಗೆ ಸಿದ್ಧವಾಗುತ್ತೀರಿ.

ಮೂರು ದಿನ ಗುಂಡಿಲ್ಲದೆ ಅಭ್ಯಾಸ ಮಾಡಿ. ಮೊದಲ ದಿನ ನಿಮ್ಮ ದೇಹ ಬೇರೆ ಯಾರದೋ ಅನ್ನಿಸುತ್ತದೆ. ಮೂರನೆಯ ದಿನ ನಿಮ್ಮದೇ ಆಗುತ್ತದೆ.

ಎಮ್ಲಿನ್


ಕೋಲ್ಡ್ ಫೋರ್ಕ್
ಏಪ್ರಿಲ್ 30, 1986

ಎಮ್ಲಿನ್ ಅವರೇ,

ಇವತ್ತು ಬೆಳಿಗ್ಗೆ ಇಪ್ಪತ್ತೆರಡು ಗುಂಡು. ಹತ್ತೊಂಬತ್ತು ಗೋಫರ್.

ಇನ್ನೊಮ್ಮೆ ಓದಿಕೊಳ್ಳಿ. ನಾನೂ ಇನ್ನೊಮ್ಮೆ ಎಣಿಸಿದೆ.

ಆರ್ವಿಲ್ ಮನೆಗೆ ಹೋಗಿದ್ದೆ. ಅವನು ದನದ ಕೊಟ್ಟಿಗೆಯಲ್ಲಿದ್ದ, ಅವನ ಹೆಂಡತಿ ಕಾಫಿ ಕೊಟ್ಟಳು. ಅವನು ಬರುವಷ್ಟರಲ್ಲಿ ಧೈರ್ಯ ಹೋಗಿ, ಸಾಲಕ್ಕೆ ಕೇಳಲು ಬಂದೆ ಅಂತ ಒಂದು ಅಗೆಯುವ ಗುದ್ದಲಿ ಇಸಿದುಕೊಂಡು ಬಂದೆ. ಈಗ ಮನೆಯಲ್ಲಿ ಎರಡು ಗುದ್ದಲಿ ಇವೆ.

ಪೊಟ್ಟಣ ಬಂದ ದಿನದಿಂದ ಊಟದ ಮೇಜಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಕಿಟಕಿಯಿಂದ ಗೇಟಿನ ಕಂಬಕ್ಕೆ ಗುರಿಯಿಟ್ಟೆ. ನೀವು ಹೇಳಿದಂತೆ ಮೊದಲ ದಿನ ನನ್ನ ಕೆನ್ನೆ ಯಾರದೋ, ಭುಜ ಯಾರದೋ. ಮೂರನೆಯ ದಿನವೂ ಹಾಗೇ ಇತ್ತು, ಅಲ್ಲಿ ನೀವು ಸುಳ್ಳು ಹೇಳಿದಿರಿ. ಐದನೆಯ ದಿನ ಬೆಳಿಗ್ಗೆ ಏರಿಯ ಎದುರು ಮೇವಿನ ಬಂಡಿಯ ಮೇಲೆ ಮಲಗಿದೆ. ಎಡಗಣ್ಣು ಇಟ್ಟೆ. ಗೋಫರ್ ಕೈ ಜೋಡಿಸಿ ನಿಂತಿತ್ತು. ಅದರ ಮೀಸೆ ಕಂಡಿತು, ಎಮ್ಲಿನ್. ಏಳು ವರ್ಷದಿಂದ ನಾನು ದುರ್ಬೀನಿನಲ್ಲಿ ಯಾವುದರ ಮೀಸೆಯನ್ನೂ ನೋಡಿರಲಿಲ್ಲ.

ಗೂಬೆಗಳು ಬಂದಿವೆ. ಎರಡು ಜೋಡಿ. ಅವುಗಳ ಬಿಲಕ್ಕೆ ಕೆಂಪು ಬಟ್ಟೆಯ ಗೂಟ ನೆಟ್ಟಿದ್ದೇನೆ, ಅವನ್ನು ಮುಚ್ಚುವುದೂ ಇಲ್ಲ ಎಣಿಸುವುದೂ ಇಲ್ಲ ಎಂದು ಆರ್ವಿಲ್ ಒಪ್ಪಿದ. ಗುಂಡಿನ ಸದ್ದಿಗೆ ಅವು ಬಗ್ಗುವುದಿಲ್ಲ. ನನ್ನ ಕಡೆ ಕತ್ತು ತಿರುಗಿಸಿ, ಇನ್ನೂ ಮುಗಿಯಲಿಲ್ಲವಾ ಅನ್ನುವಂತೆ ನೋಡುತ್ತವೆ.

ಗ್ವೆನ್ ಅವರ ಬಗ್ಗೆ ಬರೆಯಿರಿ. ನಾನು ಓದುತ್ತೇನೆ. ನನಗೆ ಬಿಡುವಿದೆ, ನಿಮ್ಮಂತೆ ಗದ್ದಲವಿಲ್ಲ.

ಥೋರಾ


ಕೋಲ್ಡ್ ಫೋರ್ಕ್
ಮೇ 11, 1986

ಎಮ್ಲಿನ್ ಅವರೇ,

ಇದು ಉದ್ದದ ಕಾಗದ. ಕಾಫಿ ಇಟ್ಟುಕೊಂಡು ಕುಳಿತುಕೊಳ್ಳಿ.

ಗುರುವಾರ ಒಂಬತ್ತು ಮನೆಯವರೂ ಸೇರಿ ಏರಿಯ ಬಿಲಗಳನ್ನೆಲ್ಲ ಮುಚ್ಚಿದೆವು. ಇನ್ನೂರ ಮೂವತ್ತೊಂದು. ನಿನ್ನೆ ಶನಿವಾರ ಹನ್ನೊಂದಕ್ಕೆ ಎಲ್ಲರೂ ಬಂದರು. ಹೆಂಗಸರು ಅಡಿಗೆ ಪಾತ್ರೆಗಳನ್ನು ತಂದಿದ್ದರು, ಜಾತ್ರೆಯಂತೆ. ಆರ್ವಿಲ್ ತನ್ನ ಗಾಡಿಯ ಹಿಂದೆ ವಿಷದ ಚೀಲಗಳನ್ನು ಹೇರಿಕೊಂಡೇ ಬಂದಿದ್ದ. ಏರಿಯ ಮೇಲೆ ನಡೆಯುತ್ತಾ, ತೆರೆದ ಬಿಲ ಕಂಡಲ್ಲಿ ಒಂದೊಂದು ಕಡ್ಡಿ ಚುಚ್ಚುತ್ತಾ ಹೋದ. ನಾನು ಕೆಳಗೆ ನಿಂತು ಅವನ ಜೊತೆ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ತುದಿ ಮುಟ್ಟಿ ತಿರುಗಿ ಬಂದ.

"ಥೋರಾ, ಹನ್ನೊಂದು ಕಣಮ್ಮಾ. ಒಂದು ಜಾಸ್ತಿ." ಅವನ ದನಿಯಲ್ಲಿ ನಗುವಿರಲಿಲ್ಲ. "ಇನ್ನೂರ್ ಮೂವತ್ತೊಂದ್ರಲ್ಲಿ ಹನ್ನೊಂದು. ಇಷ್ಟು ಮಾಡ್ತೀಯಾ ಅಂತ ನಾನಂತೂ ಅಂದ್ಕೊಂಡಿರ್ಲಿಲ್ಲ. ಆದ್ರೆ ಮಾತು ಅಂದ್ರೆ ಮಾತು."

"ಮಾತು ಹನ್ನೆರಡು ಗಂಟೆವರ್ಗೆ. ಈಗೆಷ್ಟು?"

ಗಡಿಯಾರ ನೋಡಿದ. "ಹನ್ನೊಂದೂ ಇಪ್ಪತ್ತು."

"ಗೋಫರ್ ಬಿಲದ ಬಾಯಲ್ಲೇ ಬಿದ್ರೆ ಆ ಬಿಲ ಲೆಕ್ಕಕ್ಕಿಲ್ಲ. ಒಪ್ತೀಯಾ?"

ಆರ್ವಿಲ್ ಉಳಿದವರ ಮುಖ ನೋಡಿದ. ಯಾರೂ ಬೇಡ ಅನ್ನಲಿಲ್ಲ. "ಒಪ್ದೆ. ಆದ್ರೆ ಈ ಬಿಸ್ಲಲ್ಲಿ ಏನು ಕಾಣುತ್ತೆ ನಿಂಗೆ?"

"ಅದು ನನ್ನ ಪಾಡು. ನೀವೆಲ್ಲ ದೂರ ಹೋಗಿ ಊಟ ಮಾಡಿ. ಮಾತಾಡ್ಬೇಡಿ."

ಬಂಡಿಯ ಮೇಲೆ ಮಲಗಿದೆ. ಏರಿಗೆ ಇನ್ನೂರ ಮೂವತ್ತು ಗಜ. ರೈಫಲ್ಲನ್ನು ಎಡಭುಜಕ್ಕೆ ತಂದೆ. ಹಿಂದೆ ಯಾರೋ ಪಿಸುಗುಟ್ಟಿದರು. ಆರ್ವಿಲ್‌ಗೆ ತಡೆಯಲಾಗಲಿಲ್ಲ.

"ಎಡಗೈಯಲ್ಲಿ ಯಾವಾಗಿಂದ?"

ಎಮ್ಲಿನ್, ಏಳು ವರ್ಷ ಮುಚ್ಚಿಟ್ಟ ಮಾತು ಅದು. ಗಾಜಿನಿಂದ ಕಣ್ಣು ತೆಗೆಯದೆ, ಹವಾಮಾನದ ಸುದ್ದಿ ಹೇಳುವಂತೆ ಹೇಳಿಬಿಟ್ಟೆ. "ಬಲಗಣ್ಣು ಹೋಗಿದೆ ಆರ್ವಿಲ್. ಎಪ್ಪತ್ತೊಂಬತ್ತರಿಂದ ಕಾಣಲ್ಲ."

ಆರ್ವಿಲ್ ಕೂಗಿಕೊಂಡ. "ಅಯ್ಯೋ ದೇವ್ರೇ! ಮೇವಿನ ಲಾರಿ ಹಿಂದಕ್ಕೆ ತಗೊಳ್ಳೋವಾಗೆಲ್ಲಾ ನನ್ನ ಬಲಗಡೆ ಗೇಟಿನ ಕಂಬಕ್ಕೆ ಗುದ್ತಾ ಇದ್ದಿದ್ದು ಅದಕ್ಕಾ? ನಾಲ್ಕು ಸಲ ಕಂಬ ನೆಟ್ಟಿದೀನಲ್ಲೇ ಮಾರಾಯ್ತಿ!"

ಜನ ನಕ್ಕರು. ನಾನೂ ನಕ್ಕೆ, ಬಂಡಿ ಅಲುಗಿತು. ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ನಾನು ಹೆದರಿದ್ದು ಅದೊಂದಕ್ಕೇ.

ಹನ್ನೊಂದೂ ಮೂವತ್ತೈದಕ್ಕೆ ಮೂರನೆಯ ಕಡ್ಡಿಯ ಹತ್ತಿರ ತಲೆಯೊಂದು ಕಂಡಿತು. ಹದಿನೆಂಟು ಪಟ್ಟಿನಲ್ಲಿದ್ದೆ. ಕುದಿಯುವ ನೀರಿನ ಆಚೆ ನೋಡಿದಂತೆ ಗೋಫರ್ ಕುಣಿಯುತ್ತಿತ್ತು. ಹೊಡೆದೆ. ಒಂದು ಗೇಣು ಎಡಕ್ಕೆ ಮಣ್ಣು ಹಾರಿತು. ಗೋಫರ್ ಒಳಗೆ ಹೋಯಿತು.

ಲೀಲಂಡ್ ತನ್ನ ಕೈ ದುರ್ಬೀನು ಹಿಡಿದು ಪಕ್ಕದಲ್ಲಿ ನಿಂತಿದ್ದ. "ನನ್ನ ಇಪ್ಪತ್ನಾಲ್ಕು ಬೇಡ ಅಂದ್ರಿ. ಈಗ ನೋಡಿ," ಅಂದ.

"ಬಾಯ್ಮುಚ್ಕೊಂಡು ನೋಡೋ ಲೀಲಂಡ್."

ಪಟ್ಟು ಬದಲಿಸುವ ಬಳೆ ತಿರುಗಿಸಿ ಹತ್ತಕ್ಕೆ ಇಳಿಸಿದೆ. ಗೋಫರ್ ಚಿಕ್ಕದಾಗುತ್ತದೆ, ಆದರೆ ಕುದಿಯುವ ನೀರು ನಿಲ್ಲುತ್ತದೆ. ಹುಲ್ಲು ಹುಲ್ಲಾಯಿತು, ಮಣ್ಣು ಮಣ್ಣಾಯಿತು. ಕಾದೆ. ಹನ್ನೊಂದೂ ನಲವತ್ತು. ನಲವತ್ತೈದು. ಕತ್ತಿನ ಹಿಂದೆ ಬಿಸಿಲು ಚುರುಗುಟ್ಟುತ್ತಿತ್ತು, ನೊಣವೊಂದು ಕಿವಿಯ ಮೇಲೆ ಕುಳಿತು ಅಲ್ಲೇ ಮನೆ ಮಾಡಿತು. ಹಿಂದೆ ಚಮಚದ ಸದ್ದೂ ನಿಂತಿತ್ತು. ಯಾರೋ ಮಗುವನ್ನು ಶ್ ಅಂದರು.

ಐವತ್ತೆರಡಕ್ಕೆ ಏಳನೆಯ ಕಡ್ಡಿಯ ಬುಡದಲ್ಲಿ ಮಣ್ಣು ಅಲುಗಿತು. ಮೊದಲು ಮೂಗು. ಆಮೇಲೆ ಭುಜ. ಬಿಲದ ಬಾಯಲ್ಲೇ ಎದ್ದು ನಿಂತು, ಅಷ್ಟು ಜನ ಯಾಕೆ ಬಂದಿದ್ದಾರೆ ಎಂದು ನೋಡುವಂತೆ ನಮ್ಮತ್ತ ತಿರುಗಿತು. ಗಾಳಿ ಬಲಗಡೆಯಿಂದ ಬೀಸುತ್ತಿತ್ತು, ಎರಡು ಬೆರಳಷ್ಟು ಬಲಕ್ಕೆ ಹಿಡಿದೆ. ಉಸಿರು ಅರ್ಧ ಬಿಟ್ಟೆ. ಕುದುರೆ ಎಳೆದದ್ದು ನೆನಪಿಲ್ಲ.

"ಬಿತ್ತು!" ಲೀಲಂಡ್ ಚೀರಿದ. "ಬಾಯಲ್ಲೇ ಬಿತ್ತು! ಹತ್ತು! ಹತ್ತಾಯ್ತು!"

ನೀವು ಬರೆದಿದ್ದಿರಲ್ಲ, ಎರಡನೆಯ ಗುಂಡಿಗೆ ನಾನೇ ಬೇಗ ಸಿದ್ಧವಾಗುತ್ತೇನೆಂದು. ಬಲಗೈ ತಾನಾಗಿಯೇ ಹೊಸ ಗುಂಡು ತುಂಬಿತ್ತು. ಗದ್ದಲಕ್ಕೆ ಮೂರನೆಯ ಕಡ್ಡಿಯದು ಏನಾಯಿತೆಂದು ನೋಡಲು ತಲೆ ಎತ್ತಿತು. ಅದೂ ಬಿತ್ತು. ಒಂಬತ್ತು. ಹನ್ನೆರಡಕ್ಕೆ ಐದು ನಿಮಿಷ ಇತ್ತು.

ಇಳಿಯಲು ಹೋದರೆ ಕಾಲು ಮರಗಟ್ಟಿತ್ತು. ಆರ್ವಿಲ್ ಬಂದು ಕೈ ಕೊಟ್ಟ. ಒಪ್ಪಂದದಂತೆ ಏರಿಯವರೆಗೆ ನಡೆದು ಹೋಗಿ ಎರಡೂ ಕಡ್ಡಿಗಳನ್ನು ತಾನೇ ಕಿತ್ತ. ತಿರುಗಿ ಬಂದು, ಗಾಡಿಯ ಹಿಂದಿನ ಹಲಗೆ ಮುಚ್ಚಿ ಕೊಂಡಿ ಹಾಕಿದ. "ಸೋಮ್ವಾರ ಈ ಚೀಲ ವಾಪಸ್ ಕೊಟ್ಟು ಬರ್ತೀನಿ," ಅಂದ. ಅಷ್ಟೇ. ಅವನಿಗೆ ಅದು ದೊಡ್ಡ ಭಾಷಣ.

ಮೂರು ಗಂಟೆಗೆ ತೂಬು ಎತ್ತಿದರು. ನೀರಿನ ಮೊದಲ ಅಂಚಿನ ಜೊತೆ ನಾನು ಏರಿಯ ಮೇಲೆ ನಡೆದೆ. ಅದು ಒಣ ಹುಲ್ಲು, ನೊರೆ, ಸತ್ತ ಜೀರುಂಡೆಗಳನ್ನು ತಳ್ಳಿಕೊಂಡು ಮನುಷ್ಯರು ನಡೆಯುವಷ್ಟೇ ನಿಧಾನವಾಗಿ ಬಂತು. ಏರಿಯ ಹೊರಬದಿಯನ್ನು ಹೆಜ್ಜೆಹೆಜ್ಜೆಗೂ ನೋಡಿದೆ. ಅರ್ಧ ಮೈಲಿ ಉದ್ದಕ್ಕೂ ಒಂದು ಕಡೆಯೂ ಒದ್ದೆಯಾಗಲಿಲ್ಲ. ನನ್ನ ಹೊಲದ ತೂಬಿಗೆ ಬಂದಾಗ ಸಂಜೆಯಾಗಿತ್ತು. ನಾನೇ ಎತ್ತಿದೆ.

ಥೋರಾ


ಮಿಲ್ ಹಾಲೋ
ಮೇ 20, 1986

ಥೋರಾ ಅವರೇ,

ನಿಮ್ಮ ಕಾಗದ ಬಂದದ್ದು ಶುಕ್ರವಾರ. ಅದೇ ದಿನ ಅಂಗಡಿಯ ಸಾಮಾನನ್ನೆಲ್ಲ ಸಗಟಾಗಿ ಕೊಳ್ಳುವ ವ್ಯಾಪಾರಿಯೊಬ್ಬ ಲಾರಿ ತಂದಿದ್ದ. ಮಾರ್ಚ್‌ನಲ್ಲೇ ಮಾತಾಗಿತ್ತು, ನಿಮಗೆ ಹೇಳಿರಲಿಲ್ಲ. ಅವನ ಆಳುಗಳು ಕಪಾಟು ಬಿಚ್ಚಲು ಶುರು ಮಾಡಿದಾಗ ನಾನು ಮೆಟ್ಟಿಲ ಮೇಲೆ ಕುಳಿತು ಕಾಗದ ಒಡೆದೆ.

'ಒಂಬತ್ತು' ಎನ್ನುವಲ್ಲಿಗೆ ಬಂದಾಗ ನಾನು ಎದ್ದು ನಿಂತು ಕೂಗಿದೆನಂತೆ. ವ್ಯಾಪಾರಿ ಓಡಿ ಬಂದ. "ಏನಾಯ್ತು ಯಜಮಾನ್ರೇ, ಎದೆ ನೋವಾ?"

"ಒಂಬತ್ತಪ್ಪಾ! ಒಂಬತ್ತು!" ಅಂದೆ. "ಆ ಕಪಾಟು ಮುಟ್ಬೇಡ. ಕೆಳಗಿಡು. ಎಲ್ಲಾ ಕೆಳಗಿಡು."

"ಮಾತಾಗಿತ್ತಲ್ಲ?"

"ಆಗಿತ್ತು. ತಪ್ಪು ನಂದೇ, ನಿನ್ನ ಪೆಟ್ರೋಲಿನ ಖರ್ಚು ನಾನು ಕೊಡ್ತೀನಿ. ಮೊದ್ಲು ಕೂತ್ಕೊಂಡು ಇದನ್ನ ಕೇಳು."

ಓದಿ ಹೇಳಿದೆ. ಪಾಪ, ಆಳುಗಳೂ ಪೆಟ್ಟಿಗೆಯ ಮೇಲೆ ಕುಳಿತು ಕೇಳಿದರು. ಲೀಲಂಡ್‌ಗೆ ಬಾಯಿ ಮುಚ್ಚು ಅಂದ ಕಡೆ ಒಬ್ಬ ಚಪ್ಪಾಳೆ ತಟ್ಟಿದ. ಖಾಲಿ ಲಾರಿ ತಿರುಗಿಸಿಕೊಂಡು ಹೋಗುವಾಗ ವ್ಯಾಪಾರಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಆ ಹೆಂಗಸಿಗೆ ನನ್ನ ಕಡೆಯಿಂದಲೂ ಒಂದು ನಮಸ್ಕಾರ ಹೇಳಿ ಅಂದ. ಹೇಳಿದ್ದೇನೆ.

ಗ್ವೆನ್ ಬಗ್ಗೆ ಕೇಳಿದಿರಿ. ಅದಕ್ಕೆ ಬೇರೆಯೇ ಕಾಗದ ಬೇಕು, ಭಾನುವಾರ ಕುಳಿತು ಬರೆಯುತ್ತೇನೆ. ಸದ್ಯಕ್ಕೆ ಇಷ್ಟು. ಅವಳಿದ್ದಿದ್ದರೆ ನಿಮ್ಮ ಕಾಗದವನ್ನು ನನ್ನ ಕೈಯಿಂದ ಕಸಿದುಕೊಂಡು ತಾನೇ ಮೊದಲು ಓದುತ್ತಿದ್ದಳು.

ನಿನ್ನೆ ಬೆಳಿಗ್ಗೆ ಕದ ತೆಗೆದು ಗಾಜು ಒರೆಸಿದೆ. ಮಧ್ಯಾಹ್ನದೊಳಗೆ ಮೂವರು ಬಂದರು. ಮೂವರಿಗೂ ಗುರಿ ತಪ್ಪುತ್ತಿದೆಯಂತೆ, ಮೂವರಿಗೂ ಹೊಸ ದುರ್ಬೀನು ಬೇಕಂತೆ, ಎಲ್ಲಕ್ಕಿಂತ ದೊಡ್ಡದು. ರೈಫಲ್ ಇಸಿದುಕೊಂಡು ನೋಡಿದೆ. ಮೂರರಲ್ಲೂ ದುರ್ಬೀನು ಕೂರಿಸಿದ ತಿರುಪು ಸಡಿಲವಾಗಿತ್ತು. ಬಿಗಿದು ಕೊಟ್ಟು, ಮನೆಗೆ ಹೋಗಿ ಎಂದೆ. ದಿನವಿಡೀ ಒಂದು ಕಾಸಿನ ವ್ಯಾಪಾರವಿಲ್ಲ. ಸಂಜೆ ಬೀಗ ಹಾಕುವಾಗ ನಾನು ಸಿಳ್ಳೆ ಹಾಕುತ್ತಿದ್ದೆ ಎಂದು ಎದುರು ಮನೆಯಾಕೆ ಹೇಳಿದಳು.

ಎಮ್ಲಿನ್